ಡೀಸೆಲ್ ಮೇಲೆ ಓಡುವ ಪಕ್ಷ

ದಮಾಸ್ಕಸ್, 28 ಸೆಪ್ಟೆಂಬರ್ 1954

ಅಕ್ಕ ನಜ್ಲಾಳಿಗೆ ಸಲಾಂ.

ಹೇಳದೆ ಹೊರಟುಬಂದೆ ಎಂದು ಸಿಟ್ಟಾಗಿರುತ್ತೀಯ. ಆಗು. ಮತಗಟ್ಟೆಯ ಮುಂದೆ ನಡೆದದ್ದನ್ನು ನೋಡಿದ ಮೇಲೆ ನನಗೆ ಊರಲ್ಲಿ ಒಂದು ಗಳಿಗೆಯೂ ನಿಲ್ಲಲಾಗಲಿಲ್ಲ.

ನನ್ನ ಜೊತೆ ಪ್ರಚಾರಕ್ಕೆ ಬಂದಿದ್ದ ನಬೀಹ್‌ನನ್ನು ನೀನು ನೋಡಿದ್ದೀಯ. ಇಲ್ಲಿಯ ದೊಡ್ಡ ಡಾಕ್ಟರೊಬ್ಬರ ಮಗ, ಕಾನೂನು ಕಾಲೇಜಿನಲ್ಲಿ ನನಗಿಂತ ಮುಂದಿನ ತರಗತಿ, ನನ್ನನ್ನು ಪಕ್ಷಕ್ಕೆ ಸೇರಿಸಿದವನು. ನಾವಿಬ್ಬರೂ ಹಮಾದ ಸುತ್ತಲಿನ ಹಳ್ಳಿಗಳಲ್ಲಿ ಗಂಟಲು ಕಟ್ಟುವವರೆಗೆ ಒಂದೇ ಮಾತು ಹೇಳುತ್ತ ತಿರುಗಿದ್ದೆವು: ಅರಬರೆಲ್ಲ ಒಂದೇ ಜನ, ಉಳುವವನು ಇನ್ನು ಯಾರ ಮುಂದೆಯೂ ತಲೆ ಬಗ್ಗಿಸಬೇಕಾಗಿಲ್ಲ. ಅಂಥ ದಿನ, ಎಲ್ಲರ ಕಣ್ಣೆದುರಿಗೇ, ಶಾಕಿರ್ ಬೇ ಕಾರಿನಿಂದ ಇಳಿಯುತ್ತಲೇ ಅಪ್ಪ ಓಡಿಹೋಗಿ ಅವನ ಕೈಗೆ ಮುತ್ತಿಟ್ಟರು. ನಮ್ಮೂರಿನ ಜಮೀನೆಲ್ಲ ಅವನದೇ ಇರಬಹುದು. ಆದರೂ! ಅವನು ಅಪ್ಪನ ಕಡೆ ನೋಡಲೂ ಇಲ್ಲ, ಇನ್ನೊಂದು ಕೈಯಲ್ಲಿ ಸಿಗರೇಟು ಸೇದುತ್ತ ಯಾರ ಜೊತೆಯೋ ಮಾತಾಡುತ್ತಿದ್ದ.

ಅಪ್ಪ ಅಲ್ಲಿಂದ ಸರಿದ ಮೇಲೆ, "ಯಾರೋ ಆ ಮುದುಕ?" ಎಂದು ನಬೀಹ್ ಕೇಳಿದ.

"ಯಾರೋ ಗೇಣಿಯವನು," ಎಂದೆ.

ಸುಳ್ಳೇನೂ ಅಲ್ಲವಲ್ಲ, ಅಪ್ಪ ಗೇಣಿಯವರೇ. ಆದರೆ ನೆಲ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು. ಇನ್ನೊಮ್ಮೆ ಹಾಗೆ ಮಾಡಬೇಡಿ ಎಂದು ಅಪ್ಪನಿಗೆ ಹೇಳು. ನನ್ನ ಮುಖ ನೋಡಿಯಾದರೂ.

ಸಫ್ವಾನ್


ತಲ್ ಸಮ್ರಾ, 9 ಅಕ್ಟೋಬರ್ 1954

ತಮ್ಮನಿಗೆ ಸಲಾಂ.

ನಿನ್ನ ಪತ್ರ ಓದಿ ಹೇಳು ಎಂದು ಅಪ್ಪ ಪಕ್ಕದಲ್ಲಿ ಬಂದು ಕೂತರು. ಅವರಿಗೆ ಅಕ್ಷರ ಬಾರದ್ದು ಒಳ್ಳೆಯದಾಯಿತು. ಪರೀಕ್ಷೆ, ಹಾಸ್ಟೆಲಿನ ಊಟ, ನಿನ್ನ ಕೆಮ್ಮು ಎಂದು ಏನೇನೋ ಹೊಸೆದು ಓದಿದೆ. ಮಕ್ಕಳಿಗೆ ಪಾಠ ಹೇಳುವ ಬಾಯಿ, ಸುಳ್ಳು ಸಲೀಸಾಗಿ ಬಂತು.

ಆದರೆ ಮುಚ್ಚಿಟ್ಟು ಪ್ರಯೋಜನವಿರಲಿಲ್ಲ. ನೀನೂ ನಿನ್ನ ಗೆಳೆಯನೂ ನಿಂತಿದ್ದ ಹಿಪ್ಪುನೇರಳೆ ಮರದ ಹಿಂದೆಯೇ ಅಪ್ಪ ಬಂದು ನಿಂತಿದ್ದರು, ನಿನಗೆ ನೀರು ಕೊಡಲಿಕ್ಕೆ. ನಿನ್ನ ಉತ್ತರ ಅವರ ಕಿವಿಗೆ ಬಿದ್ದಿದೆ. ಮನೆಗೆ ಬಂದು ಅವರು ಅಂದದ್ದು ಇಷ್ಟೇ: "ಹುಡುಗನಿಗೆ ಬಾಯಾರಿತ್ತು ಕಣೇ, ನೀರು ಕೊಡೋಕಾಗ್ಲಿಲ್ಲ."

ನಾನೇ ಕೇಳಿದೆ, "ಯಾಕಪ್ಪಾ ಆ ಕೈಗೆ ಮುತ್ತಿಡೋಕೆ ಹೋದೆ?"

"ಇಡದೇ ಇದ್ರೆ ಅವನಿಗೆ ಅನುಮಾನ ಬರ್ತಿತ್ತಲ್ಲ! ತುಟಿ ಅವನ ಕೈಮೇಲಿತ್ತು, ಓಟಿನ ಲಕೋಟೆ ನನ್ನ ಕೈಯಲ್ಲಿತ್ತು. ಒಳಗಿದ್ದದ್ದು ನಮ್ಮ ಹುಡುಗನ ಪಕ್ಷದ ಚೀಟಿ."

ಇದನ್ನು ನಿನ್ನ ನಬೀಹ್‌ನಿಗೂ ಓದಿ ಹೇಳು, ಧೈರ್ಯವಿದ್ದರೆ.

ನಜ್ಲಾ


ತಲ್ ಸಮ್ರಾ, 14 ಡಿಸೆಂಬರ್ 1956

ತಮ್ಮನಿಗೆ ಸಲಾಂ.

ಮದುವೆಗೆ ನೀನು ಬರಲಿಲ್ಲ. ಸೂಯೆಜ್ ಯುದ್ಧ, ಮೆರವಣಿಗೆ, ಪಕ್ಷದ ಕಚೇರಿಯಲ್ಲಿ ಹಗಲು ರಾತ್ರಿ ಕೆಲಸ ಎಂದು ಬರೆದಿದ್ದೀಯ. ನಂಬಿದ್ದೇನೆ. ಅಪ್ಪನ ವಿಷಯಕ್ಕೆ ಈ ಎರಡು ವರ್ಷದಲ್ಲಿ ಒಂದು ಸಾಲೂ ಬರೆಯಲಿಲ್ಲ ನೀನು. ನಾಚಿಕೆಗೆ ಬರೆಯುತ್ತಿಲ್ಲ ಎಂದುಕೊಂಡು ಸುಮ್ಮನಿದ್ದೇನೆ.

ರಾಗಿಬ್ ನಿನಗೆ ಗೊತ್ತಿರುವವನೇ. ಬೇಯ ಹತ್ತಿ ಹೊಲದ ಡೀಸೆಲ್ ಪಂಪು ನೋಡಿಕೊಳ್ಳುವವನು. ಕಳೆದ ವರ್ಷ ನನ್ನ ಶಾಲೆಯ ಕೋಣೆಯಲ್ಲಿ ಆರು ಜನರ ಕೈಯೆತ್ತಿಸಿ ನೀನು ಪ್ರಮಾಣ ಮಾಡಿಸಿದೆಯಲ್ಲ, ಮೊದಲು ಎದ್ದದ್ದು ಅವನ ಕೈ. ಎರಡನೆಯದು ಕ್ಷೌರದ ದೀಬ್‌ನದು. ದೀಬ್ ಮದುಮಗನ ಗಡ್ಡ ತೆಗೆಯುತ್ತ ಎಷ್ಟು ಜೋರಾಗಿ ಹಾಡಿದನೆಂದರೆ ಅಪ್ಪ, "ಕೊರಳು ಕೊಯ್ದೀಯೋ, ಹಾಡು ನಿಲ್ಸು, ಮಗಳು ಮದುವೆಗೆ ಮುಂಚೆ ವಿಧವೆ ಆಗ್ತಾಳೆ," ಎಂದು ಕೂಗಿದರು.

ಶುಕ್ರವಾರ ನಮಾಜಾದ ಮೇಲೆ ಎಲ್ಲರೂ ಪಂಪಿನ ಮನೆಯಲ್ಲಿ ಸೇರುತ್ತೇವೆ. ಪಕ್ಷದ ಪತ್ರಿಕೆಯನ್ನು ನಾನು ಓದುತ್ತೇನೆ, ಅವರು ಕೇಳುತ್ತಾರೆ. ಬೇಯ ಮೇಸ್ತ್ರಿ ಆ ಕಡೆ ಸುಳಿದರೆ ರಾಗಿಬ್ ಎಂಜಿನ್ ಚಾಲೂ ಮಾಡಿಬಿಡುತ್ತಾನೆ. ಆ ಗದ್ದಲದಲ್ಲಿ ನನ್ನ ದನಿ ನನಗೇ ಕೇಳುವುದಿಲ್ಲ, ಆದರೂ ಓದುತ್ತ ಹೋಗುತ್ತೇನೆ. ಅವರು ನನ್ನ ತುಟಿ ನೋಡುತ್ತ ತಲೆದೂಗುತ್ತಾರೆ.

ನಜ್ಲಾ


ದಮಾಸ್ಕಸ್, 1 ಮಾರ್ಚ್ 1958

ಅಕ್ಕಾ,

ನಮ್ಮ ದೇಶವೂ ಈಜಿಪ್ಟೂ ಒಂದಾದವು! ಬೀದಿಯಲ್ಲಿ ಗುರುತಿಲ್ಲದವರು ನನ್ನನ್ನು ಅಪ್ಪಿಕೊಂಡರು.

ಒಂದು ವಿಷಯ ನೀನೇ ಊರವರಿಗೆ ತಿಳಿಸಿ ಹೇಳಬೇಕು. ಒಕ್ಕೂಟ ಬೇಕಾದರೆ ಪಕ್ಷಗಳಿರಬಾರದು ಎಂಬುದು ಕೈರೋದವರ ಷರತ್ತು. ಹಾಗಾಗಿ ನಮ್ಮ ಪಕ್ಷ ತನ್ನನ್ನು ತಾನೇ ವಿಸರ್ಜಿಸಿಕೊಂಡಿದೆ. ಮೇಲಿನವರು ತೀರ್ಮಾನ ಮಾಡಿ ಬಂದು ನಮಗೆ ಹೇಳಿದರು. ಸಭೆಯಲ್ಲಿ ಯಾರೋ ಚಪ್ಪಾಳೆ ಶುರುಮಾಡಿದರು, ನಾನೂ ತಟ್ಟಿದೆ. ಹೊರಗೆ ಬಂದ ಮೇಲೆ ಯಾವುದಕ್ಕೆ ತಟ್ಟಿದೆ ಎಂದು ಯೋಚಿಸಿದೆ. ನಬೀಹ್ ಹೇಳಿದ, "ಗುರಿ ಮುಟ್ಟಿದ ಮೇಲೆ ಕುದುರೆಯಿಂದ ಇಳೀಬೇಕಪ್ಪ." ಸರಿ ಅನ್ನಿಸಿತು.

ನನಗೆ ಕೈರೋದಲ್ಲಿ, ಹೊಸ ಸರ್ಕಾರದ ಪ್ರಚಾರ ಇಲಾಖೆಯಲ್ಲಿ ಕೆಲಸ ಸಿಕ್ಕಿದೆ. ಮುಂದಿನ ವಾರ ಹೊರಡುತ್ತೇನೆ. ಅಪ್ಪನಿಗೆ ಹೇಳು.

ಸಫ್ವಾನ್


ತಲ್ ಸಮ್ರಾ, 19 ಮಾರ್ಚ್ 1958

ತಮ್ಮನಿಗೆ ಸಲಾಂ.

ಹೇಳಿದೆ. ಹೇಗೆ ಹೇಳಿದೆ ಎಂದು ಕೇಳಬೇಡ.

ಒಕ್ಕೂಟದ ಸುದ್ದಿಗೆ ಹೆಂಗಸರು ಮಾಳಿಗೆ ಹತ್ತಿ ನಾಲಿಗೆ ಹೊರಳಿಸಿ ಸಂಭ್ರಮದ ಕೂಗು ಹಾಕಿದ್ದರು, ಕುರಿ ಕಡಿದಿದ್ದರು. ನಾನು ಪಂಪಿನ ಮನೆಯಲ್ಲಿ ನಿಂತು ಇನ್ನು ಪಕ್ಷವಿಲ್ಲ ಎಂದಾಗ ಎಲ್ಲರೂ ನಾನು ತಮಾಷೆ ಮಾಡುತ್ತಿದ್ದೇನೆ ಎಂದುಕೊಂಡರು. ರಾಗಿಬ್ ಕೇಳಿದ, "ಪ್ರಮಾಣ ಮಾಡಿದ್ದು ನಾವು. ಬಿಡುಗಡೆ ಕೊಡೋಕೆ ಅವರ್ಯಾರು? ನಮ್ಮನ್ನ ಒಂದ್ಮಾತು ಕೇಳಿದ್ರಾ?" ದೀಬ್ ತನ್ನ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು ಕೂತುಬಿಟ್ಟ. ಅಪ್ಪ ಮಾತ್ರ, "ಪಕ್ಷ ಸತ್ತಿದ್ದಕ್ಕೆ ದುಃಖ ಕೇಳೋಕೆ ಬಂದೋರಿಗೆ ಎಷ್ಟು ದಿನ ಕಹಿ ಕಾಫಿ ಕೊಡ್ಬೇಕು? ನಮ್ಮನೆಯಿಂದ್ಲೇ ಹೋದ ಹೆಣ ಅಲ್ವಾ," ಎಂದರು.

ಬುಗ್ಗೆಗೆ ನೀರಿಗೆ ಹೋದರೆ ಹೆಂಗಸರು ಮಾತು ನಿಲ್ಲಿಸುತ್ತಾರೆ. ನಿನ್ನ ಪರವಾಗಿ ನಾನು ತಲೆ ತಗ್ಗಿಸಿ ಕೊಡ ತುಂಬಿಸುತ್ತೇನೆ.

ಆದರೂ ಶುಕ್ರವಾರ ಸೇರುತ್ತಲೇ ಇದ್ದಾರೆ. ಹೊಸ ಪತ್ರಿಕೆ ಬರುವುದಿಲ್ಲವಲ್ಲ, ಹಳೆಯವನ್ನೇ ಓದಿಸುತ್ತಾರೆ. ಎಂಜಿನ್ ಈಗ ಮೊದಲಿಂದ ಕೊನೆಯವರೆಗೂ ಓಡುತ್ತಲೇ ಇರುತ್ತದೆ. ಅರ್ಧ ಡೀಸೆಲ್ ಹತ್ತಿಗೆ, ಅರ್ಧ ನಮಗೆ.

ನಜ್ಲಾ


ಕೈರೋ, 20 ಜುಲೈ 1958

ಪ್ರೀತಿಯ ಅಕ್ಕ,

ನೈಲ್ ನದಿ ಕಾಣುವ ಕೋಣೆ ಕೊಟ್ಟಿದ್ದಾರೆ. ಇಲ್ಲಿಯವರ ಆಡುಮಾತಿಗೆ ನಗು ಬರುತ್ತದೆ, ನಮ್ಮ ಮಾತಿಗೆ ಅವರು ನಗುತ್ತಾರೆ. ನಮ್ಮನ್ನು ಹಳ್ಳಿಗಾಡಿನ ನೆಂಟರ ಹಾಗೆ ಕಾಣುತ್ತಾರೆ ಅನ್ನಿಸುತ್ತದೆ ಒಮ್ಮೊಮ್ಮೆ. ಊಟದ ಮೇಜಿನಲ್ಲಿ ಎಲ್ಲರೂ ತಮ್ಮತಮ್ಮಲ್ಲೇ ಮಾತಾಡಿಕೊಳ್ಳುತ್ತಾರೆ, ನಾವು ಸಿರಿಯಾದವರು ತುದಿಯಲ್ಲಿ ಕೂತಿರುತ್ತೇವೆ.

ಮೊನ್ನೆ ಮಾತ್ರ ನನ್ನ ದಿನ! ದೊಡ್ಡ ಸಾಹೇಬರು, "ಏನಪ್ಪಾ, ನಿಮ್ಮ ಕಡೆಯ ಹಳ್ಳಿಗಳೆಲ್ಲ ಹೇಗಿವೆ?" ಎಂದು ನನ್ನನ್ನೇ ಕೇಳಿದರು. "ನಮ್ಮೂರಲ್ಲಿ ಪಕ್ಷ ಡೀಸೆಲ್ ಮೇಲೆ ಓಡುತ್ತೆ ಸಾಹೇಬ್ರೇ," ಎಂದು ಪಂಪಿನ ಕಥೆ ಹೇಳಿದೆ. ಇಡೀ ಮೇಜು ಬಿದ್ದು ಬಿದ್ದು ನಕ್ಕಿತು. ಸಾಹೇಬರು ಕಣ್ಣೊರೆಸಿಕೊಂಡು, "ಯಾವ ಊರಂದೆ?" ಎಂದು ಮತ್ತೊಮ್ಮೆ ಹೇಳಿಸಿದರು. ಈಗ ಎಲ್ಲರಿಗೂ ನನ್ನ ಹೆಸರು ಗೊತ್ತು.

ಆದರೂ ಅವರಿಗೆ ಹೇಳು, ಹಳೆಯ ಪತ್ರಿಕೆ ಓದಿದ್ದು ಸಾಕು.

ಸಫ್ವಾನ್


ತಲ್ ಸಮ್ರಾ, 11 ಜನವರಿ 1959

ತಮ್ಮನಿಗೆ ಸಲಾಂ.

ಮಳೆಯಿಲ್ಲ. ಬೇಯ ಜಮೀನನ್ನು ಅಳೆದು ಹಂಚುತ್ತಾರಂತೆ, ಅಧಿಕಾರಿಗಳು ಬಂದು ಹೋದರು. ಅಪ್ಪ ಚೆನ್ನಾಗಿದ್ದಾರೆ. ರಾಗಿಬ್ ದೂರದ ಜಝೀರಾ ಸೀಮೆಯ ಕಡೆ ಹೊಸ ಪಂಪು ಕೂರಿಸುವ ಕೆಲಸಕ್ಕೆ ಹೋಗಿದ್ದಾನೆ, ಬರುವುದು ತಡವಾಗಬಹುದು. ಶಾಲೆ ನಡೆಯುತ್ತಿದೆ.

ನಿನ್ನ ಹಿಂದಿನ ಪತ್ರದ ಲಕೋಟೆಯನ್ನು ಯಾರೋ ತೆರೆದು ಮತ್ತೆ ಅಂಟಿಸಿದ ಹಾಗಿತ್ತು. ಅಂಚೆಯವನ ಅಂಟು ಹಾಗಿರಬಹುದು.

ನಜ್ಲಾ


ಕೈರೋ, 2 ಫೆಬ್ರವರಿ 1959

ಪ್ರೀತಿಯ ಅಕ್ಕ,

ಎಷ್ಟು ಚಿಕ್ಕ ಪತ್ರ! ಗಂಡ ಊರಲ್ಲಿಲ್ಲ ಎಂದು ಬೇಜಾರೇ? ರಾಗಿಬ್ ರಾಜಕೀಯ ಬಿಟ್ಟು ದುಡಿಮೆಗೆ ಹೊರಟದ್ದು ಜಾಣತನ. ಬಂದ ಮೇಲೆ ನಾನು ಹೀಗೆಂದೆ ಎಂದು ಹೇಳು. ಅಪ್ಪನಿಗೆ ಒಂದು ಉಣ್ಣೆಯ ಮೇಲಂಗಿ ಕಳಿಸುತ್ತಿದ್ದೇನೆ.

ಸಫ್ವಾನ್


ದಮಾಸ್ಕಸ್, 17 ಆಗಸ್ಟ್ 1960

ಅಕ್ಕಾ,

ಇದನ್ನು ಅಂಚೆಗೆ ಹಾಕುವುದಿಲ್ಲ. ಹಮಾ ಬಸ್ಸಿನ ಡ್ರೈವರ್ ಕೈಗೆ ಕೊಡುತ್ತೇನೆ.

ಇಲಾಖೆಯ ಕೆಲಸಕ್ಕೆ ನಾಲ್ಕು ದಿನ ಇಲ್ಲಿಗೆ ಬಂದಿದ್ದೆ. ಇವತ್ತು ಬೆಳಿಗ್ಗೆ ಬಸ್ ನಿಲ್ದಾಣದ ಹತ್ತಿರ ಒಂದು ಕ್ಷೌರದ ಅಂಗಡಿಗೆ ಹೋಗಿ ಕೂತೆ. ಮುಖಕ್ಕೆ ಸೋಪು ಹಚ್ಚಿದವನು ದೀಬ್. ಊರಲ್ಲಿ ಸ್ವಂತ ಅಂಗಡಿ ಇದ್ದವನು ಇಲ್ಲಿ ಇನ್ನೊಬ್ಬರ ಕೈಕೆಳಗೆ ಕೆಲಸ ಮಾಡುತ್ತಿದ್ದಾನೆ. ನಾನು ಖುಷಿಯಿಂದ ಕೈ ಚಾಚಿದೆ. ಅವನು ಹಿಡಿಯಲಿಲ್ಲ.

"ಯಾಕೋ, ಊರು ಬಿಟ್ಟೆ?"

"ಊರು ನನ್ನನ್ನ ಬಿಡ್ತು. ನಿಮ್ಮಕ್ಕ ಹೇಳಿಲ್ವಾ?"

ಆಮೇಲೆ ಅವನೇ ಹೇಳಿದ. 1958ರ ಡಿಸೆಂಬರಿನ ಒಂದು ಶುಕ್ರವಾರ ಮಧ್ಯಾಹ್ನ ಜೀಪು ಬಂದದ್ದು. ರಾಗಿಬ್‌ನನ್ನೂ ಇನ್ನು ಮೂವರನ್ನೂ ಪಂಪಿನ ಮನೆಯಿಂದ ಎಳೆದೊಯ್ದದ್ದು. ಒಂದು ವರ್ಷಕ್ಕೂ ಹೆಚ್ಚು ಕಾಲ ಜೈಲಿನಲ್ಲಿಟ್ಟದ್ದು. ಜಝೀರಾ, ಪಂಪು, ಎಲ್ಲ ನೀನು ಕಟ್ಟಿದ್ದು. ಆ ದಿನ ದೀಬ್ ಒಬ್ಬ ಮದುಮಗನಿಗೆ ಕ್ಷೌರ ಮಾಡಬೇಕೆಂದು ಬೇಗ ಎದ್ದು ಹೋಗಿದ್ದನಂತೆ. ತಪ್ಪಿಸಿಕೊಂಡವನು ಅವನೊಬ್ಬನೇ ಆದದ್ದರಿಂದ ಹಿಡಿದುಕೊಟ್ಟವನೂ ಅವನೇ ಎಂದಾಯಿತು. ನೀನು ಬುಗ್ಗೆಯ ಹತ್ತಿರ ಎಲ್ಲರೆದುರು ಅವನ ಮುಖಕ್ಕೆ ಉಗುಳಿದೆಯಂತೆ. ಅಂದಿನಿಂದ ಊರಲ್ಲಿ ಯಾರೂ ಅವನ ಕತ್ತಿಗೆ ಗಲ್ಲ ಕೊಡಲಿಲ್ಲ.

ಕೊನೆಗೆ ಅವನು ಅಂದ: "ಜೈಲಿಂದ ಬಿಟ್ಟು ಬಂದೋನೊಬ್ಬ ಹೇಳ್ದ, ಜೀಪಲ್ಲಿ ಬಂದ ಅಧಿಕಾರಿ ಒಳಗೆ ಬರ್ತಾನೇ ನಗ್ತಾ ಕೇಳಿದ್ನಂತೆ, 'ಡೀಸೆಲ್ ಮೇಲೆ ಓಡೋ ಪಕ್ಷ ಇದೇನಾ?' ಅಂತ. ಆ ಮಾತು ನಮ್ಮಲ್ಲಿ ಯಾರೂ ಆಡಿದ್ದಲ್ಲ. ಯಾರದು ಅಂತ ಯೋಚ್ನೆ ಮಾಡಿ ಮಾಡಿ ಸಾಕಾಯ್ತು ನಂಗೆ."

ಅಕ್ಕಾ, ಅದು ನನ್ನ ಮಾತು. ನಿನಗೆ ಗೊತ್ತೇ ಇದೆ, ನಾನೇ ನಿನಗೆ ಬರೆದಿದ್ದೆ, ಮೇಜಿನವರೆಲ್ಲ ನಕ್ಕರು ಎಂದು. ನಾಲ್ಕು ಜನ ನನ್ನ ಕಡೆ ತಿರುಗಿ ನೋಡಲಿ ಎಂದು ಹೇಳಿದ್ದು. ಇದಕ್ಕೇ ಅಲ್ಲವೇ ನಿನ್ನ ಪತ್ರಗಳು ಅಷ್ಟು ಚಿಕ್ಕದಾದದ್ದು? ಎಲ್ಲ ತಿಳಿದೂ ನನ್ನನ್ನು ಒಂದು ಮಾತೂ ಅನ್ನದೆ ಅಪ್ಪನ ಮೇಲಂಗಿ ತಲುಪಿತೆಂದು ಸಲಾಂ ಬರೆದೆಯಲ್ಲ, ಅದಕ್ಕಿಂತ ನನಗೂ ಉಗುಳಿದ್ದರೆ ಚೆನ್ನಾಗಿತ್ತು.

ದೀಬ್‌ಗೆ ನಾನು ಏನೂ ಹೇಳಲಿಲ್ಲ. ಅರ್ಧ ಸೋಪು ಒರೆಸಿಕೊಂಡು ಎದ್ದುಬಂದೆ.

ಸಫ್ವಾನ್


ಕೈರೋ, 3 ಡಿಸೆಂಬರ್ 1960

ಅಕ್ಕಾ,

ಮೂರು ಪತ್ರ ಹಾಕಿದೆ. ಉತ್ತರವಿಲ್ಲ. ಇಲ್ಲೇ ಕೆಲಸಕ್ಕಿದ್ದ ನಬೀಹ್ ಕಳೆದ ವರ್ಷವೇ ರಾಜೀನಾಮೆ ಕೊಟ್ಟು ಹೋದ. ನಾನಿನ್ನೂ ಇಲ್ಲೇ ಇದ್ದೇನೆ. ಬೇರೆ ಏನು ಮಾಡಬೇಕೆಂದು ತೋಚದೆ ಇದ್ದೇನೆ, ಹಾಗೆಂದು ಹೇಳಿಕೊಳ್ಳಲೂ ನಾಚಿಕೆ. ಒಂದು ಸಾಲು ಬರೆ. ಬೈದಾದರೂ.

ಸಫ್ವಾನ್


ದಮಾಸ್ಕಸ್, 20 ಅಕ್ಟೋಬರ್ 1961

ಅಕ್ಕಾ,

ರೇಡಿಯೋದಲ್ಲಿ ಕೇಳಿರುತ್ತೀಯ. ಒಕ್ಕೂಟ ಮುರಿಯಿತು. ನಮ್ಮನ್ನೆಲ್ಲ ವಿಮಾನ ಹತ್ತಿಸಿ ವಾಪಸು ಕಳಿಸಿದರು. ಒಕ್ಕೂಟವೂ ಇಲ್ಲ, ಪಕ್ಷವೂ ಇಲ್ಲ, ನನಗೆ ಕೆಲಸವೂ ಇಲ್ಲ. ಒಬ್ಬ ವಕೀಲರ ಕಚೇರಿಯ ಹಿಂಬದಿ ಕೋಣೆಯಲ್ಲಿ ಅರ್ಜಿ ಬರೆಯುತ್ತಿದ್ದೇನೆ.

ನಾನು ಊರಿಗೆ ಬರಬಹುದೇ? ಬೇಡವೆಂದರೆ ಬರುವುದಿಲ್ಲ.

ಸಫ್ವಾನ್


ತಲ್ ಸಮ್ರಾ, 2 ನವೆಂಬರ್ 1961

ಸಫ್ವಾನ್,

ನನಗೆ ಗೊತ್ತಿರಲಿಲ್ಲ.

ನಾನು ಎಲ್ಲ ತಿಳಿದೂ ಸುಮ್ಮನಿದ್ದೆ ಎಂದು ನೀನು ಬರೆದೆ. ನಾನು ಅಷ್ಟು ದೊಡ್ಡವಳಲ್ಲ. ನಿನ್ನ ಕೈರೋ ಪತ್ರದ ಆ ಮಾತನ್ನು ನಾನು ಓದಿ ನಕ್ಕಿದ್ದೆ ಅಷ್ಟೇ. ಅಧಿಕಾರಿ ಅದನ್ನೇ ಅಂದಾಗ ಎಂಜಿನ್ ಗದ್ದಲವಿತ್ತು, ನನಗೂ ಎಂಜಿನ್ ಪಕ್ಕದಲ್ಲಿದ್ದ ರಾಗಿಬ್‌ಗೂ ಕೇಳಿಸಲಿಲ್ಲ. ಬಾಗಿಲ ಹತ್ತಿರ ಇದ್ದವರಿಗೆ ಕೇಳಿಸಿತ್ತು, ಅವರು ಜೈಲಿಗೆ ಹೋದರು. ನನ್ನನ್ನು, "ನೀವು ಮನೆಗೆ ಹೋಗಿ ಟೀಚರಮ್ಮ," ಎಂದು ಬಿಟ್ಟುಬಿಟ್ಟರು. ಓದುತ್ತಿದ್ದವಳು ನಾನು. ಹಿಡಿದದ್ದು ಕೇಳುತ್ತಿದ್ದವರನ್ನು. ಆ ಅವಮಾನ ತಡೆಯಲಾಗದೆ ಯಾರ ಮೇಲಾದರೂ ಹಾಕಬೇಕಿತ್ತು. ದೀಬ್ ಸಿಕ್ಕಿದ.

ನಿನಗೆ ತಿಳಿಸಬಾರದೆಂದು ನಾನೇ ನಿರ್ಧರಿಸಿದ್ದೆ. ತಿಳಿದರೆ ನೀನು ಕೆಲಸ ಬಿಟ್ಟು ಓಡಿಬಂದು ಜಗಳ ತೆಗೆದು ಜೈಲು ಸೇರುತ್ತೀಯ ಎಂಬ ಭಯ. ನನ್ನ ತಮ್ಮ ಅಂಥವನು ಎಂದು ನಂಬಿದ್ದೆ ನೋಡು.

ಕಳೆದ ವರ್ಷ ಬಸ್ಸಿನವನ ಕೈಯಲ್ಲಿ ನಿನ್ನ ಪತ್ರ ಬಂದ ಮರುವಾರ ದಮಾಸ್ಕಸ್‌ಗೆ ಹೋದೆ. ದೀಬ್ ಕೆಲಸ ಮಾಡುತ್ತಿದ್ದ ಅಂಗಡಿಯ ಹೊರಗೆ ನಿಂತೆ, ಗಂಡಸರ ಅಂಗಡಿ, ಒಳಗೆ ಹೋಗಲಾಗಲಿಲ್ಲ. ಅವನು ಹೊರಗೆ ಬಂದಾಗ ಬೀದಿಯಲ್ಲೇ ತಪ್ಪಾಯಿತು ಅಂದೆ. "ಯಾರ ಕೆಲಸ ಅಂತ ಗೊತ್ತಾಯ್ತಾ?" ಅಂದ. ಗೊತ್ತಾಯಿತು ಅಂದೆ. "ಯಾರು?" ಅಂದ. ಉಗುಳುವಾಗ ಎಷ್ಟು ಚುರುಕಾಗಿದ್ದ ಬಾಯಿ, ತಮ್ಮನ ಹೆಸರು ಹೇಳಬೇಕಾದಾಗ ಒಣಗಿತು. ದೀಬ್ ನನ್ನ ಮುಖ ನೋಡಿದ. ಇನ್ನೊಂದು ಸಲ ಕೇಳಲಿಲ್ಲ. ಇದಾದ ಮೇಲೆ ನಿನಗೆ ಏನೆಂದು ಬರೆಯಲಿ? ಬೈಯುವ ಹಕ್ಕು ನನ್ನಲ್ಲಿ ಉಳಿದಿರಲಿಲ್ಲ.

ಊರಿಗೆ ಬಂದು ಬುಗ್ಗೆಯ ಹತ್ತಿರ ಅದೇ ಹೆಂಗಸರ ಮುಂದೆ ಹೇಳಿದೆ, ದೀಬ್ ಅಲ್ಲ, ನಾನು ತಪ್ಪಿದೆ ಎಂದು. ಹಾಗಾದರೆ ಯಾರು ಎಂದು ಅವರೂ ಕೇಳಿದರು. ಅಲ್ಲೂ ಹೇಳಲಿಲ್ಲ. ದೀಬ್ ಈ ಬೇಸಿಗೆಯಲ್ಲಿ ವಾಪಸು ಬಂದು ಹಳೆಯ ಅಂಗಡಿ ತೆರೆದಿದ್ದಾನೆ. ಕೆಲವರು ಹೋಗುತ್ತಾರೆ, ಕೆಲವರು ಇನ್ನೂ ಹೋಗುವುದಿಲ್ಲ. ನಿಜವಾದ ಹೆಸರು ಸಿಗುವವರೆಗೆ ಅವರು ಹೋಗುವುದಿಲ್ಲ.

ಬಾ. ಗುರುವಾರ ಸಂತೆಯ ಹೊತ್ತಿಗೆ ಬಾ, ಜನ ಇರುತ್ತಾರೆ. ಮೊದಲು ದೀಬ್ ಅಂಗಡಿಗೆ ಹೋಗಿ ಕೂತು, ಆ ಹೆಸರು ನೀನೇ ಹೇಳು. ಆಮೇಲೆ ಮನೆಗೆ ಬಾ.

ರಾಗಿಬ್‌ಗೆ ಎಲ್ಲ ಹೇಳಿದ್ದೇನೆ. ಅವನು, "ಬರ್ಲಿ," ಅಂದ. ಜೈಲಿನಲ್ಲಿ ಹೊಡೆದ ಹೊಡೆತಕ್ಕೆ ಅವನ ಎಡಗಿವಿ ಹೋಗಿದೆ. ಬಲಗಡೆ ಕೂತು ಮಾತಾಡು.

ನಜ್ಲಾ


ದಮಾಸ್ಕಸ್, 18 ನವೆಂಬರ್ 1961

ಅಕ್ಕಾ,

ಅಂಗಡಿಯಲ್ಲಿ ಏನಾಯಿತು ಎಂದು ಮನೆಯಲ್ಲಿ ನೀನು ಕೇಳಿದಾಗ "ಹೇಳಿದೆ" ಎಂದಷ್ಟೇ ಅಂದೆ. ಅಪ್ಪ ನನ್ನ ಮುಂದೆ ನೀರಿಟ್ಟು ಕೂತಿದ್ದರು, ರಾಗಿಬ್ ನನ್ನ ತಟ್ಟೆಗೆ ಗೋಧಿನುಚ್ಚಿನ ಅನ್ನ ಬಡಿಸುತ್ತಿದ್ದ, ಮೊಸರು ಸಾಕೇ ಎಂದು ಕೇಳುತ್ತಿದ್ದ. ಆ ಕೈಯ ಮುಂದೆ ಮಾತು ಹೊರಡಲಿಲ್ಲ. ಈಗ ಬರೆಯುತ್ತೇನೆ.

ಅಂಗಡಿಯಲ್ಲಿ ಐದಾರು ಜನ ಇದ್ದರು, ಬಾಗಿಲಲ್ಲಿ ಸಂತೆಗೆ ಬಂದವರು ಇನ್ನಷ್ಟು. ಬಸ್ಸಿನಲ್ಲಿ ದಾರಿಯುದ್ದಕ್ಕೂ ನಾನು ಮಾತು ಜೋಡಿಸಿಕೊಂಡು ಬಂದಿದ್ದೆ, ಕಾಲ, ಪರಿಸ್ಥಿತಿ, ಉದ್ದೇಶ ಎಲ್ಲ ಸೇರಿಸಿ. ಕಾನೂನು ಓದಿದವನಲ್ಲವೇ. ಕುರ್ಚಿಯಲ್ಲಿ ಕೂತು ಕೊರಳಿಗೆ ಬಟ್ಟೆ ಕಟ್ಟಿಸಿಕೊಂಡ ಮೇಲೆ ಒಂದೂ ನೆನಪಾಗಲಿಲ್ಲ. "ಡೀಸೆಲ್ ಮೇಲೆ ಓಡೋ ಪಕ್ಷ ಅಂದೋನು ನಾನು. ಕೈರೋದಲ್ಲಿ, ಊಟ ಮಾಡ್ತಾ, ನಗಿಸೋಕೆ," ಎಂದೆ.

ಬಾಗಿಲಾಚೆ ನಿಂತಿದ್ದ ಒಬ್ಬ ಮುದುಕ, "ನಗು ಬಂತಾ ಅವ್ರಿಗೆ?" ಎಂದ. ಬಂತು ಎಂದೆ.

ದೀಬ್ ಕತ್ತಿ ಮಸೆಯುವುದನ್ನು ನಿಲ್ಲಿಸಿರಲಿಲ್ಲ. ಗಲ್ಲ ಎತ್ತಿ ಹಿಡಿದು ಕ್ಷೌರ ಶುರುಮಾಡಿದ. ಅರ್ಧ ಆದ ಮೇಲೆ ನನ್ನ ಕಿವಿಯ ಹತ್ತಿರ, ಬೇರೆ ಯಾರಿಗೂ ಕೇಳದ ಹಾಗೆ, "ಆವತ್ತು ದಮಾಸ್ಕಸ್‌ನಲ್ಲಿ ಸೋಪು ಒರೆಸ್ಕೊಂಡು ಎದ್ದು ಹೋದಾಗ್ಲೇ ನಂಗೆ ಗೊತ್ತಾಯ್ತು," ಎಂದ. "ನಿಮ್ಮಕ್ಕ ಬಂದು ಬೀದೀಲಿ ನಿಂತಾಗ ಖಾತ್ರಿ ಆಯ್ತು. ನೀನೇ ಬಂದು ಹೇಳ್ತೀಯೇನೋ ಅಂತ ಒಂದು ವರ್ಷ ಕಾದೆ."

"ಕ್ಷಮಿಸು ದೀಬ್," ಎಂದೆ. ಕತ್ತಿ ಕೊರಳ ಮೇಲಿತ್ತು. ಅವನು ಎಷ್ಟು ಹಗುರವಾಗಿ ಎಳೆದನೆಂದರೆ, ಅಕ್ಕಾ, ಒಂದು ಗೀರೂ ಬೀಳಲಿಲ್ಲ.

ಮುಗಿಸಿ ಮುಖ ಒರೆಸಿದ. ಗುಲಾಬಿ ನೀರು ಹಚ್ಚಿದ. ಕೊರಳಿನ ಬಟ್ಟೆ ಬಿಚ್ಚಿ ಕೊಡವಿದ. ನಾನು ಎದ್ದೇಳದೆ ಕೂತೇ ಇದ್ದೆ. ಕ್ಷೌರ ಮುಗಿದ ಮೇಲೆ "ನಯೀಮನ್" ಎಂದು ಹರಸದೆ ಕಳಿಸುವ ಕ್ಷೌರಿಕ ನಮ್ಮ ದೇಶದಲ್ಲಿ ಎಲ್ಲಿದ್ದಾನೆ? ಗುರುತಿಲ್ಲದವನಿಗೂ ಹೇಳುತ್ತಾರೆ, ಜಗಳವಾಡಿದವನಿಗೂ ಹೇಳುತ್ತಾರೆ. ದೀಬ್ ಹೇಳಲಿಲ್ಲ. ಕತ್ತಿ ತೊಳೆದು, ಬಾಗಿಲಾಚೆಯ ಮುದುಕನ ಕಡೆ ತಿರುಗಿ, "ಬನ್ನಿ ಚಿಕ್ಕಪ್ಪ," ಎಂದ. ಅಷ್ಟು ದಿನ ಅವನ ಅಂಗಡಿಯ ಮೆಟ್ಟಿಲು ಹತ್ತದೆ ಇದ್ದವನಂತೆ ಆ ಮುದುಕ, ಆಮೇಲೆ ರಾಗಿಬ್ ಹೇಳಿದ. ಅವನು ಹತ್ತಿ ಬಂದ. ನಾನು ಕುರ್ಚಿ ಬಿಟ್ಟುಕೊಟ್ಟೆ.

ನಾನು ಅಂಗಡಿಯಿಂದ ಇಳಿಯುವಾಗ ಮುದುಕನ ಜೊತೆ ದೀಬ್ ಏನೋ ತಮಾಷೆ ಮಾಡಿದ್ದು, ಇಬ್ಬರೂ ನಕ್ಕದ್ದು ಕೇಳಿಸಿತು.

ಇಲ್ಲಿಗೆ ಬಂದು ವಾರವಾಯಿತು, ನಾನು ಗಡ್ಡ ತೆಗೆಸಿಲ್ಲ. ವಕೀಲರು ಒಂದೆರಡು ಸಲ ಗೊಣಗಿದರು. ಮುಂದಿನ ಗುರುವಾರದ ಬಸ್ಸಿಗೆ ಬರುತ್ತೇನೆ, ಮತ್ತೆ ದೀಬ್‌ನ ಕುರ್ಚಿಗೇ.

ಸಫ್ವಾನ್